‘ಅಡ್ಡಿಲ್ಲ’ ಅಂದರೆ ಎಷ್ಟು ಅಂಕ?

ಉತ್ತರ ಕನ್ನಡ ಜಿಲ್ಲೆಯಲ್ಲಿ ಕಾರವಾರದಿಂದ ಶಿರಸಿವರೆಗೆ ಯಾರನ್ನೇ ‘ಆರಾಮ?’ ಎಂದು ಕೇಳಿ, ‘ಅಡ್ಡಿಲ್ಲ’ ಅನ್ನುತ್ತಾರೆ. ನೆಮ್ಮದಿ ಅಳೆಯಲು ಅದು ಸಾಲದು. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆಯ ಐದು ಪ್ರಶ್ನೆಗಳಿವೆ: ಕಳೆದ ಎರಡು ವಾರ ಮನಸ್ಸು ಖುಷಿಯಾಗಿತ್ತೇ, ನಿರಾಳವಾಗಿತ್ತೇ, ಮೈ ಚುರುಕಾಗಿತ್ತೇ, ಏಳುವಾಗ ದಣಿವಾರಿತ್ತೇ, ದಿನದ ಕೆಲಸದಲ್ಲಿ ಆಸಕ್ತಿಯಿತ್ತೇ? ಒಂದೊಂದಕ್ಕೂ 0ಯಿಂದ 5 ಅಂಕ. ಒಟ್ಟನ್ನು 4ರಿಂದ ಗುಣಿಸಿ. 50 ಅಥವಾ ಅದಕ್ಕಿಂತ ಕಡಿಮೆ ಬಂದರೆ ಖಿನ್ನತೆಯ ತಪಾಸಣೆ ಬೇಕು.

ಎಡವುವುದು ನಾಲ್ಕನೇ ಪ್ರಶ್ನೆಯಲ್ಲಿ. ಬೆಳಗಿನ ಜಾವ ಬಂದರಕ್ಕೆ ಹೋಗಿ ಮೀನು ತಂದು, ಮಾರಿ, ಸಂಜೆ ಮತ್ತೆ ಅಡುಗೆಗೆ ನಿಲ್ಲುವವಳಿಗೆ ದಣಿವಾರುವುದು ಯಾವಾಗ? 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ 299 ನಿಮಿಷ ಕೊಡುತ್ತಿದ್ದರು, ಗಂಡಸರು 97. ಅಂಕ ಕಡಿಮೆ ಬಂದರೆ ಖಿನ್ನತೆಯ ಮಾತ್ರೆಗೆ ಮೊದಲು ಥೈರಾಯ್ಡ್, ಹಿಮೋಗ್ಲೋಬಿನ್ ನೋಡಿ. ಬಸುರಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ ಡೆಸಿಲೀಟರ್‌ಗೆ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. ಹಾಗಂತ ಖಿನ್ನತೆ ಇಲ್ಲವೆಂದು ತೀರ್ಮಾನಿಸಬೇಡಿ, ಎರಡೂ ಒಟ್ಟಿಗಿರಬಹುದು. ಅತ್ತೆಯೆದುರು ಮಾತ್ರ ಕೇಳಬೇಡಿ, ಎಲ್ಲದಕ್ಕೂ 5 ಬೀಳುತ್ತದೆ.

ಗಂಡಸರ ಸಂಕಟ ಕುಡಿತ, ಸಿಟ್ಟಿನ ರೂಪದಲ್ಲಿ ಬರುವುದುಂಟು. ಅದನ್ನು ಬೇರೆಯಾಗಿಯೇ ಕೇಳಬೇಕು. ದೇಶದಲ್ಲಿ ಆತ್ಮಹತ್ಯೆ ಮಾಡಿಕೊಳ್ಳುವವರಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಮಂದಿ ಗಂಡಸರು. ಇನ್ನು ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಆಗ ಬಂದ ಅಂಕವನ್ನು ದುಡಿಮೆ ಇರುವ ಅಕ್ಟೋಬರ್‌ನದರ ಜೊತೆ ಹೋಲಿಸಬಾರದು.

ಈ ಪ್ರಶ್ನೆಪಟ್ಟಿ ಕೇಳದೇ ಬಿಡುವ ವಿಷಯ ಮೈಬಣ್ಣ. ಯಲ್ಲಾಪುರ, ಹಳಿಯಾಳ, ಅಂಕೋಲೆಯ ಸಿದ್ದಿಗಳು ಆಫ್ರಿಕಾ ಮೂಲದವರು, ತಲೆಮಾರುಗಳಿಂದ ಈ ಜಿಲ್ಲೆಯವರೇ. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಬಸ್ಸಿನಲ್ಲಿ ‘ಯಾವ ದೇಶ?’ ಅನ್ನುವವರಿಗೆ ಪ್ರಮಾಣಪತ್ರ ತೋರಿಸಲಾದೀತೇ?

‘ತಾರತಮ್ಯ ಆಗಿದೆಯೇ?’ ಎಂದರೆ ‘ಇಲ್ಲ’ ಅನ್ನುವವರೇ ಹೆಚ್ಚು. ಅದು ಭಾಷಣದ ಪದ. ಹೀಗೆ ಕೇಳಿ: ಕಳೆದ ತಿಂಗಳು ಪಕ್ಕದ ಸೀಟು ಖಾಲಿಯಿದ್ದರೂ ಯಾರಾದರೂ ನಿಂತೇ ಬಂದರೇ? ಕೇಳದೇ ಕೂದಲು ಮುಟ್ಟಿದರೇ? ಎಷ್ಟು ಸಲ? ಆಮೇಲೆ ನೀವೇನು ಮಾಡಿದಿರಿ? ಈ ಕೊನೆಯ ಪ್ರಶ್ನೆಯನ್ನು ಬಿಡಲೇಬೇಡಿ. ‘ಆ ಅಂಗಡಿಗೆ ಹೋಗುವುದು ಬಿಟ್ಟೆ’, ‘ಮಗಳು ಶಾಲೆ ಬಿಟ್ಟಳು’ ಎಂಬಂಥ ಉತ್ತರ ಬಂದರೆ, 80 ಅಂಕ ಬಂದಿದ್ದರೂ ಅದು ನೋಯುವ ಜಾಗಕ್ಕೆ ಹೋಗುವುದನ್ನೇ ಬಿಟ್ಟು ಗಳಿಸಿದ ನೆಮ್ಮದಿ. ಸಿದ್ದಿ ಹೆಣ್ಣುಮಗಳಲ್ಲಿ ಇದು ಮನೆಗೆಲಸದ ದಣಿವಿನ ಜೊತೆ ಬೆರೆತಿರುತ್ತದೆ, ಹೆಣ್ಣೆಂದು ಎಷ್ಟು, ಸಿದ್ದಿಯೆಂದು ಎಷ್ಟು ಎಂದು ಪಾಲು ಮಾಡಲಾಗದು.

ಸಿದ್ದಿಗಳ ಅನೇಕ ಮನೆಗಳಲ್ಲಿ ಕೊಂಕಣಿ ಮಾತಾಡುತ್ತಾರೆ. ‘ನಿರಾಳ’ಕ್ಕೆ ಅಲ್ಲಿ ಏನನ್ನುತ್ತಾರೆಂದು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಅಂಕ 50 ದಾಟದವರಿಗೆ ಅಲ್ಲೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ಕೊಡಿ. ಕರೆ ಉಚಿತ, ಕನ್ನಡದಲ್ಲೂ ಮಾತಾಡಬಹುದು.