ಬಯಾಲಜಿ ಓದದವರು ಪ್ರೋಟೀನ್ ವಿಜ್ಞಾನಿ ಆಗಬಹುದಾ?

ಪ್ರಶ್ನೆ: ನಾನು ಬಿಎಸ್ಸಿ ಫಿಸಿಕ್ಸ್ ಓದುತ್ತಿದ್ದೇನೆ. ಪಿಯುಸಿಯಲ್ಲೂ ಬಯಾಲಜಿ ಇರಲಿಲ್ಲ. ಪ್ರೋಟೀನ್‌ಗಳ ರಚನೆ ಬಗ್ಗೆ ಸಂಶೋಧನೆ ಮಾಡುವ ಆಸೆ ಇದೆ. ಆಗುತ್ತಾ?

ಖಂಡಿತ ಆಗುತ್ತೆ. ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ, ಜಿ.ಎನ್. ರಾಮಚಂದ್ರನ್ ಅವರನ್ನೇ ನೋಡಿ. 1942ರಲ್ಲಿ ಅವರು ಬೆಂಗಳೂರಿನ ಐಐಎಸ್‌ಸಿಗೆ ಸೇರಿದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್‌ಗೆ. ಅಲ್ಲಿಂದ ಸಿ.ವಿ. ರಾಮನ್ ಅವರ ಕೈಕೆಳಗೆ ಫಿಸಿಕ್ಸ್‌ಗೆ ಹಾರಿದರು. ಮುಂದೆ ಮದ್ರಾಸ್‌ನಲ್ಲಿದ್ದಾಗ ಗೋಪಿನಾಥ್ ಕರ್ತಾ ಜೊತೆ ಸೇರಿ, ನಮ್ಮ ಚರ್ಮ, ಮೂಳೆಗಳಲ್ಲಿರುವ ಕೊಲಾಜೆನ್ ಮೂರು ಎಳೆ ಹೊಸೆದ ಹಗ್ಗದ ಹಾಗಿದೆ ಎಂದು ತೋರಿಸಿದರು.

ಅವರ ಹೆಸರು ಉಳಿದಿರುವುದು ಇನ್ನೊಂದು ಕೆಲಸದಿಂದ. ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳ ಸರಪಳಿ. ಪ್ರತಿ ಅಮೈನೋ ಆಮ್ಲದ ಹತ್ತಿರ ಅದು ಮುಖ್ಯವಾಗಿ ಎರಡು ಕಡೆ ತಿರುಗುತ್ತೆ. ಆ ಕೋನಗಳಿಗೆ ಫೈ, ಸೈ ಎಂದು ಹೆಸರು. ಹೇಗೆ ಬೇಕಾದರೂ ತಿರುಗೋಕೆ ಆಗಲ್ಲ, ಯಾಕಂದರೆ ಪರಮಾಣುಗಳು ಒಂದಕ್ಕೊಂದು ತಾಗುತ್ತವೆ. ಯಾವ ಕೋನಗಳು ಸಾಧ್ಯ, ಯಾವುವು ಅಸಾಧ್ಯ ಎಂದು ರಾಮಚಂದ್ರನ್, ಸಿ. ರಾಮಕೃಷ್ಣನ್, ವಿ. ಶಶಿಶೇಖರನ್ ಲೆಕ್ಕ ಹಾಕಿ 1963ರಲ್ಲಿ ಒಂದು ನಕ್ಷೆ ಪ್ರಕಟಿಸಿದರು. ಪೂರ್ತಿ ಜ್ಯಾಮಿತಿ, ಅಲ್ವಾ? ಇವತ್ತಿಗೂ ಹೊಸ ಪ್ರೋಟೀನ್ ರಚನೆ ಸಿಕ್ಕಾಗ ಅದು ಸರಿ ಇದೆಯಾ ಎಂದು ಈ 'ರಾಮಚಂದ್ರನ್ ಪ್ಲಾಟ್' ಮೇಲೆ ಇಟ್ಟು ನೋಡುತ್ತಾರೆ.

ವೆಂಕಿ ರಾಮಕೃಷ್ಣನ್ ಕಥೆಯೂ ಇದೇ ತರಹ. 1976ರಲ್ಲಿ ಫಿಸಿಕ್ಸ್ ಪಿಎಚ್‌ಡಿ ಮುಗಿಸಿ, ಮತ್ತೆ ವಿದ್ಯಾರ್ಥಿಯಾಗಿ ಬಯಾಲಜಿ ಕ್ಲಾಸಿಗೆ ಹೋಗಿ ಕೂತರು. ಪ್ರೋಟೀನ್ ತಯಾರಿಸುವ ರೈಬೋಸೋಮ್‌ನ ರಚನೆಗೆ 2009ರಲ್ಲಿ ನೊಬೆಲ್ ಬಂತು, ಅದೂ ಕೆಮಿಸ್ಟ್ರಿಯಲ್ಲಿ!

ಹಾಗಂತ ಬಯಾಲಜಿ ಬೇಡವೇ ಬೇಡ ಎಂದಲ್ಲ. ಬಯೋಕೆಮಿಸ್ಟ್ರಿ ಪುಸ್ತಕ ಈಗಲೇ ಹಿಡಿಯಿರಿ. ಎಂಎಸ್ಸಿ ಆದಮೇಲೆ ನೆಟ್ ಅಥವಾ ಗೇಟ್ ಬರೆದು ಪಿಎಚ್‌ಡಿಗೆ ಹೋಗುವುದು ಸಾಮಾನ್ಯ ದಾರಿ. ರಾಮಚಂದ್ರನ್ ಅವರೇ ಐಐಎಸ್‌ಸಿಯಲ್ಲಿ ಶುರುಮಾಡಿದ ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಇಲ್ಲೇ ಬೆಂಗಳೂರಿನಲ್ಲಿದೆ. ತಾಳ್ಮೆ ಮಾತ್ರ ಜಾಸ್ತಿ ಬೇಕು: ತಿಂಗಳುಗಟ್ಟಲೆ ಶುದ್ಧ ಮಾಡಿದ ಪ್ರೋಟೀನ್ ಕೊನೆಗೆ ಎಕ್ಸ್-ರೇಯಿಂದ ರಚನೆ ನೋಡಲು ಬೇಕಾದ ಹರಳು ಕಟ್ಟದೇ ಹೋಗಬಹುದು, ಪಿಎಚ್‌ಡಿ ಮುಗಿದ ಮೇಲೂ ಕೆಲವು ವರ್ಷ ಪೋಸ್ಟ್‌ಡಾಕ್ (ತಾತ್ಕಾಲಿಕ ಸಂಶೋಧನಾ ಕೆಲಸ) ಮಾಡಬೇಕಾಗುತ್ತೆ, ಕಾಯಂ ಕೆಲಸ ತಡವಾಗಿಯೇ ಸಿಗೋದು.

'ಪ್ರೋಟೀನ್ ರಚನೆಯನ್ನು ಕಂಪ್ಯೂಟರಿನಲ್ಲೇ ಊಹಿಸುವ ಆಲ್ಫಾಫೋಲ್ಡ್ ಬಂದಿದೆಯಲ್ಲ, ಇನ್ನೇನು ಕೆಲಸ' ಅಂತ ಯಾರಾದರೂ ಹೆದರಿಸಿದರೆ ತಲೆ ಕೆಡಿಸಿಕೊಳ್ಳಬೇಡಿ. ಆ ಪ್ರೋಗ್ರಾಂ ಕಲಿತದ್ದೇ ಲ್ಯಾಬ್‌ಗಳಲ್ಲಿ ಕಂಡುಹಿಡಿದ ರಚನೆಗಳಿಂದ. ಪ್ರೋಟೀನ್ ಕೆಲಸ ಮಾಡುವಾಗ ಹೇಗೆ ಅಲುಗಾಡುತ್ತೆ, ಔಷಧಿ ಅಂಟಿದರೆ ಏನಾಗುತ್ತೆ ಎಂಬುದನ್ನು ಈಗಲೂ ಪ್ರಯೋಗ ಮಾಡಿಯೇ ನೋಡಬೇಕು.