ಈ ಕೆಲಸ ಯಾರದು? ಅಮೆರಿಕದ ರೈಲ್ವೆಯಲ್ಲಿ ಕಸುಬುಗಳ ನಡುವಿನ ವ್ಯಾಜ್ಯ

ಅಮೆರಿಕದ ಕಾರ್ಮಿಕ ಕಾನೂನು ಓದುವವರಲ್ಲಿ ಹೆಚ್ಚಿನವರು ಈ ಭಾಗವನ್ನು ಬೇಗ ಮುಗಿಸಿ ಮುಂದೆ ಹೋಗುತ್ತಾರೆ. ಒಂದು ಯಂತ್ರದ ಮುಂದೆ ಯಾರು ಕೂರಬೇಕೆಂದು ಎರಡು ಸಂಘಗಳು ಕಾದಾಡಿದರೆ ಅದರಲ್ಲಿ ಕಲಿಯುವುದೇನಿದೆ ಎಂಬ ಭಾವನೆ. ನನ್ನ ದೃಷ್ಟಿಯಲ್ಲಿ, ಅಲ್ಲಿನ ರೈಲ್ವೆ ಕಾರ್ಮಿಕ ಕಾಯ್ದೆ ಎಲ್ಲಿ ಗಟ್ಟಿ, ಎಲ್ಲಿ ಬಿರುಕು ಎಂಬುದು ಇಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ.

ಅಲ್ಲಿನ ರೈಲ್ವೆ ನೌಕರರು ಸಂಘ ಕಟ್ಟಿದ್ದು ಕಸುಬಿನ ಆಧಾರದ ಮೇಲೆ. ಎಂಜಿನ್ ಚಾಲಕರು 1863ರಲ್ಲಿ, ಕಂಡಕ್ಟರ್‌ಗಳು 1868ರಲ್ಲಿ, ಎಂಜಿನ್ನಿನ ಬೆಂಕಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್‌ಗಳು 1873ರಲ್ಲಿ ತಮ್ಮ ತಮ್ಮ ಸಂಘ ಮಾಡಿಕೊಂಡರು. ತಂತಿ ಸಂದೇಶ ಕಳುಹಿಸುವ ಟೆಲಿಗ್ರಾಫರ್‌ಗಳು, ಗುಮಾಸ್ತರು, ಸಿಗ್ನಲ್ ಕೆಲಸಗಾರರು, ಹಳಿ ದುರಸ್ತಿಯವರು, ಎಲ್ಲರಿಗೂ ಬೇರೆ ಬೇರೆ ಸಂಘ. ಎಲ್ಲರನ್ನೂ ಒಂದೇ ಸಂಘದಡಿ ತರಲು ಕಾರ್ಮಿಕ ನಾಯಕ ಯೂಜೀನ್ ಡೆಬ್ಸ್ 1893ರಲ್ಲಿ ಮಾಡಿದ ಪ್ರಯತ್ನ, ಮರುವರ್ಷ ರೈಲು ಬೋಗಿ ತಯಾರಿಸುವ ಪುಲ್‌ಮನ್ ಕಂಪನಿಯ ವಿರುದ್ಧ ನಡೆದ ಮುಷ್ಕರದ ಸೋಲಿನೊಂದಿಗೆ ಕುಸಿಯಿತು. ಹೀಗಾಗಿ ಒಂದೇ ಕಂಪನಿ ಹತ್ತಾರು ಸಂಘಗಳೊಂದಿಗೆ ಹತ್ತಾರು ಒಪ್ಪಂದ ಮಾಡಿಕೊಳ್ಳುವ ಪದ್ಧತಿ ಉಳಿಯಿತು. ಈ ಒಪ್ಪಂದ ಯಾರಿಗೆ, ಯಾವ ಕೆಲಸಕ್ಕೆ ಅನ್ವಯಿಸುತ್ತದೆ ಎಂದು ಹೇಳುವ ಷರತ್ತನ್ನು ವ್ಯಾಪ್ತಿ ನಿಯಮ ಎನ್ನುತ್ತಾರೆ. ನಮ್ಮ ವ್ಯಾಜ್ಯಗಳ ಬೇರು ಅಲ್ಲಿದೆ.

ಇಲ್ಲಿ ಒಂದು ಗೊಂದಲವನ್ನು ಮೊದಲೇ ಬಿಡಿಸಿಕೊಳ್ಳಬೇಕು. ಒಂದು ಕಸುಬಿನ ನೌಕರರನ್ನು ಯಾವ ಸಂಘ ಪ್ರತಿನಿಧಿಸಬೇಕು ಎಂಬುದು ಒಂದು ಪ್ರಶ್ನೆ. ಅದನ್ನು ರಾಷ್ಟ್ರೀಯ ಸಂಧಾನ ಮಂಡಳಿ ನಿರ್ಧರಿಸುತ್ತದೆ. ಈಗಾಗಲೇ ಸಹಿಯಾಗಿರುವ ಒಪ್ಪಂದಗಳ ಪ್ರಕಾರ ನಿರ್ದಿಷ್ಟ ಕೆಲಸ ಯಾವ ಕಸುಬಿಗೆ ಸೇರಿದ್ದು ಎಂಬುದು ಬೇರೆಯೇ ಪ್ರಶ್ನೆ. ಅದು ಒಪ್ಪಂದವನ್ನು ಅರ್ಥೈಸುವ ವಿಷಯವಾದ್ದರಿಂದ ರಾಷ್ಟ್ರೀಯ ರೈಲ್ವೆ ಹೊಂದಾಣಿಕೆ ಮಂಡಳಿಯ ಮುಂದೆ ಹೋಗುತ್ತದೆ. 1926ರ ರೈಲ್ವೆ ಕಾರ್ಮಿಕ ಕಾಯ್ದೆಗೆ 1934ರಲ್ಲಿ ತಂದ ತಿದ್ದುಪಡಿಯಿಂದ ಹುಟ್ಟಿದ, ಶಿಕಾಗೊದಲ್ಲಿ ನೆಲೆಯಾದ ಮಂಡಳಿ ಅದು. ಆರಂಭದಲ್ಲಿ 36 ಸದಸ್ಯರು: ಕಂಪನಿಗಳ ಕಡೆಯಿಂದ 18, ಸಂಘಗಳ ಕಡೆಯಿಂದ 18. ನಾಲ್ಕು ವಿಭಾಗಗಳು. ಸಮಬಲವಾಗಿ ಮತ ಒಡೆದಾಗ ತಟಸ್ಥ ತೀರ್ಪುಗಾರರೊಬ್ಬರು ಬಂದು ಕೂರುತ್ತಾರೆ.

ನ್ಯಾಯಾಲಯಗಳು ಈ ಮಂಡಳಿಗೆ ದಾರಿ ಬಿಟ್ಟುಕೊಟ್ಟಿದ್ದನ್ನು ತಿಳಿಯಲು 1950ರ ಸ್ಲೋಕಮ್ ಪ್ರಕರಣ ಸಾಕು. ನ್ಯೂಯಾರ್ಕ್ ರಾಜ್ಯದ ಎಲ್ಮೈರಾ ಯಾರ್ಡಿನ ಕೆಲವು ಕೆಲಸಗಳು ತಮ್ಮವೆಂದು ಟೆಲಿಗ್ರಾಫರ್‌ಗಳೂ ಗುಮಾಸ್ತರೂ ಹಕ್ಕು ಮಂಡಿಸಿದ್ದರು. ರೈಲ್ವೆ ಕಂಪನಿ ರಾಜ್ಯದ ನ್ಯಾಯಾಲಯಕ್ಕೆ ಹೋಯಿತು. ಈ ಬಗೆಯ ವ್ಯಾಜ್ಯವನ್ನು ಮೊದಲು ತೀರ್ಮಾನಿಸುವ ಅಧಿಕಾರ ಮಂಡಳಿಯದು ಮಾತ್ರ ಎಂದು ಸುಪ್ರೀಂ ಕೋರ್ಟ್ ಹೇಳಿತು.

ಆದರೆ ಮಂಡಳಿ ಹೇಗೆ ತೀರ್ಮಾನಿಸಬೇಕು? ನಿಜವಾದ ಸ್ವಾರಸ್ಯ ಇಲ್ಲಿದೆ. ಯೂನಿಯನ್ ಪೆಸಿಫಿಕ್ ಕಂಪನಿ ಹಳೆಯ ಪದ್ಧತಿಯ ಬದಲು ಹೊಸ ಸ್ವಯಂಚಾಲಿತ ಯಂತ್ರಗಳನ್ನು ತಂದು, ಅವುಗಳನ್ನು ನಡೆಸುವ ಕೆಲಸವನ್ನು ಗುಮಾಸ್ತರಿಗೆ ಕೊಟ್ಟಿತು. ನಮ್ಮ ಒಪ್ಪಂದದಂತೆ ಆ ಕೆಲಸ ನಮ್ಮದು ಎಂದು ಟೆಲಿಗ್ರಾಫರ್‌ಗಳ ಸಂಘ ಮಂಡಳಿಗೆ ದೂರು ಕೊಟ್ಟಿತು. ಗುಮಾಸ್ತರ ಸಂಘಕ್ಕೆ ನೋಟಿಸ್ ಹೋಯಿತು, ಅವರು ಬರಲಿಲ್ಲ. ಮಂಡಳಿ ಟೆಲಿಗ್ರಾಫರ್‌ಗಳ ಒಪ್ಪಂದವನ್ನಷ್ಟೇ ಓದಿ ಅವರ ಪರ ತೀರ್ಪಿತ್ತಿತು. ಗುಮಾಸ್ತರಿಗೆ ಆಗಲೇ ಸಂಬಳ ಕೊಡುತ್ತಿದ್ದ ಕೆಲಸಕ್ಕೇ ಕಂಪನಿ ಟೆಲಿಗ್ರಾಫರ್‌ಗಳಿಗೂ ಹಣ ಕೊಡಬೇಕೆಂದಾಯಿತು. ಕೆಲಸವನ್ನು ವರ್ಗಾಯಿಸೋಣವೆಂದರೆ ನಾಳೆ ಗುಮಾಸ್ತರು ತಮ್ಮ ಒಪ್ಪಂದ ಹಿಡಿದು ಅದೇ ಮಂಡಳಿಗೆ ಬಂದು ಗೆಲ್ಲಬಹುದು. ಒಂದೇ ನಿವೇಶನಕ್ಕೆ ಇಬ್ಬರ ಹೆಸರಿನಲ್ಲಿ ಕ್ರಯಪತ್ರ ಇರುವಾಗ ಒಬ್ಬರ ಪತ್ರವನ್ನಷ್ಟೇ ನೋಡಿ ತೀರ್ಪು ಕೊಟ್ಟಂತೆ.

1966ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. ಬಹುಮತದ ತೀರ್ಪು ನ್ಯಾಯಮೂರ್ತಿ ಹ್ಯೂಗೊ ಬ್ಲ್ಯಾಕ್ ಅವರದು. ಏಬ್ ಫೋರ್ಟಸ್ ಭಿನ್ನಮತ ಬರೆದರು. ಬಹುಮತದ ಪ್ರಕಾರ, ಕಂಪನಿಯೂ ಎರಡು ಸಂಘಗಳೂ ಒಳಗೊಂಡ ಇಡೀ ವ್ಯಾಜ್ಯವನ್ನು ಮಂಡಳಿ ಒಂದೇ ವಿಚಾರಣೆಯಲ್ಲಿ ಮುಗಿಸಬೇಕು, ಎರಡೂ ಒಪ್ಪಂದಗಳನ್ನು ಓದಬೇಕು, ಉದ್ಯಮದ ರೂಢಿ, ವಾಡಿಕೆಗಳನ್ನೂ ಪರಿಗಣಿಸಬೇಕು. ನೋಟಿಸ್ ಪಡೆದವರು ಬಾರದಿದ್ದರೂ ತೀರ್ಪು ಅವರಿಗೂ ಅನ್ವಯಿಸುತ್ತದೆ. ಟೆಲಿಗ್ರಾಫರ್‌ಗಳಿಗೆ ಸಿಕ್ಕಿದ್ದ ಗೆಲುವು ಹೀಗೆ ಕೈತಪ್ಪಿ ಪ್ರಕರಣ ಮತ್ತೆ ಮಂಡಳಿಗೇ ಹೋಯಿತು.

ಈ ತೀರ್ಪು ಸರಿಯೆಂದೇ ನಾನು ನಂಬುತ್ತೇನೆ. ಆದರೆ ಅದನ್ನು ಸಂಘಗಳ ದುರಾಸೆಗೆ ಬಿದ್ದ ಕಡಿವಾಣ ಎಂದು ಓದುವುದು ತಪ್ಪು. ಒಂದಕ್ಕೊಂದು ವಿರುದ್ಧವಾದ ಎರಡು ಮಾತುಗಳನ್ನು ಇಬ್ಬರಿಗೆ ಕೊಟ್ಟದ್ದು ಕಂಪನಿ. ಯಂತ್ರ ತಂದದ್ದೂ ಅದೇ. ತಂತಿ ಸಂದೇಶದ ಕಾಲ ಮುಗಿಯುತ್ತಿದ್ದಾಗ ಟೆಲಿಗ್ರಾಫರನ ಕೈಯಲ್ಲಿ ಉಳಿದಿದ್ದು ಆ ಒಪ್ಪಂದದ ಸಾಲುಗಳು ಮಾತ್ರ. ಕೆಲಸದ ಮೇಲಿನ ಹಕ್ಕು ಹೋದರೆ ಅವನ ಜೀವನಾಧಾರವೇ ಹೋಯಿತು.

ಇನ್ನು, ಕೆಲಸ ತನ್ನದೆಂದು ಸಾಬೀತುಪಡಿಸುವುದೂ ಸುಲಭವಲ್ಲ. ಅನೇಕ ವ್ಯಾಪ್ತಿ ನಿಯಮಗಳು ಹುದ್ದೆಗಳ ಹೆಸರು ಹೇಳುತ್ತವೆ, ಕೆಲಸಗಳನ್ನು ವಿವರಿಸುವುದಿಲ್ಲ. ಅಂಥ ಕಡೆ, ಆ ಕೆಲಸವನ್ನು ಇಡೀ ರೈಲುಮಾರ್ಗದಲ್ಲಿ ವಾಡಿಕೆಯಾಗಿ ತನ್ನ ಸದಸ್ಯರೇ, ಬೇರೆ ಯಾರೂ ಅಲ್ಲದೆ, ಮಾಡುತ್ತ ಬಂದಿದ್ದಾರೆ ಎಂದು ತೋರಿಸುವಂತೆ ಸಂಘವನ್ನು ಕೇಳಲಾಗುತ್ತದೆ. ಒಂದು ನಿಲ್ದಾಣದಲ್ಲಿ ಬೇರೆಯವರು ಮಾಡಿದ ದಾಖಲೆ ಸಿಕ್ಕರೂ ವಾದ ಸಡಿಲವಾಗುತ್ತದೆ. ಮಂಡಳಿಯ ತೀರ್ಪುಗಳನ್ನು ಓದುವಾಗ ಮೊದಲು ವ್ಯಾಪ್ತಿ ನಿಯಮದ ಮಾತುಗಳನ್ನು ಹುಡುಕಿ: ಹುದ್ದೆಯ ಹೆಸರೋ, ಕೆಲಸದ ವಿವರವೋ? ಅರ್ಧ ಫಲಿತಾಂಶ ಅಲ್ಲೇ ಇರುತ್ತದೆ.

ಕೆಲವು ವ್ಯಾಜ್ಯಗಳು ಮಂಡಳಿಯಾಚೆಗೇ ಮುಗಿದವು. ಟೆಲಿಗ್ರಾಫರ್‌ಗಳ ಸಂಘ 1969ರಲ್ಲಿ ಆ ಗುಮಾಸ್ತರ ಸಂಘದಲ್ಲೇ ವಿಲೀನವಾಯಿತು. ಕಾರ್ಯಾಗಾರಗಳಲ್ಲಿ ಮಾತ್ರ ಬೇರೆ ಕಥೆ. ವಿದ್ಯುತ್ ಕೆಲಸಗಾರನೊಬ್ಬ ಮೋಟರ್ ಬಿಚ್ಚಲು ಹೋದಾಗ ದಾರಿಗೆ ಒಂದು ಪೈಪ್ ಅಡ್ಡ ಬಂದಿದೆ ಎಂದುಕೊಳ್ಳಿ. ಪೈಪಿನ ಕೆಲಸ ತಗಡು ಕೆಲಸಗಾರರದು; ಅವರು ಬರುವವರೆಗೆ ಇವನು ಕಾಯಬೇಕು. ಇಂಥ ಸಣ್ಣ ಪೂರಕ ಕೆಲಸವನ್ನು, ಒಟ್ಟು ಕೆಲಸದ ಪ್ರಧಾನ ಭಾಗವಾಗದಿದ್ದರೆ, ಯಾವ ಕಸುಬಿನವರೂ ಮಾಡಬಹುದೆಂಬ ನಿಯಮ 1969ರ ಡಿಸೆಂಬರ್‌ನಲ್ಲಿ ನಾಲ್ಕು ಸಂಘಗಳೊಂದಿಗಿನ ಕರಡು ಒಪ್ಪಂದದಲ್ಲಿ ಬಂತು. ಮೂರು ಸಂಘಗಳ ಸದಸ್ಯರು ಒಪ್ಪಿದರು. ತಗಡು ಕೆಲಸಗಾರರು ಆ ನಿಯಮದ ಕಾರಣಕ್ಕೇ ತಿರಸ್ಕರಿಸಿದರು. ರಾಷ್ಟ್ರವ್ಯಾಪಿ ರೈಲು ಸ್ಥಗಿತದ ಭೀತಿ ಎದುರಾದಾಗ 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸಂಸತ್ತು ಆ ಒಪ್ಪಂದವನ್ನೇ ಕಾನೂನಾಗಿ ಮಾಡಿ ನಾಲ್ವರ ಮೇಲೂ ಹೇರಿತು. ರೈಲುಗಳು ಓಡಿದವು. ಆದರೆ ತಗಡು ಕೆಲಸಗಾರರು ಕ್ರಮಬದ್ಧವಾಗಿ ಹಾಕಿದ ಮತಕ್ಕೆ ಬೆಲೆಯಿಲ್ಲದೆ ಹೋದದ್ದು ನನಗೆ ಇಂದಿಗೂ ಅನ್ಯಾಯವೆಂದೇ ಕಾಣುತ್ತದೆ.