ಸೈನಿಕನ ಕಾಗದದಲ್ಲಿ ಬರೀ ಸಾಕ್ಸಿನ ಮಾತೇಕೆ?

ಪ್ರಶ್ನೆ: ಮೊದಲ ಮಹಾಯುದ್ಧಕ್ಕೆ ಕಡ್ಡಾಯವಾಗಿ ಸೇರಿಸಿಕೊಂಡ ಬ್ರಿಟಿಷ್ ಹುಡುಗರು ಮನೆಗೆ ಬರೆದ ಕಾಗದಗಳಲ್ಲಿ ಸಾಕ್ಸು, ಕೇಕು, ಮಳೆ ಇವೇ ಇರುತ್ತವೆ. ಯುದ್ಧದ ಸುದ್ದಿಯನ್ನೆಲ್ಲ ಸೆನ್ಸಾರ್‌ನವರು ಅಳಿಸುತ್ತಿದ್ದರಲ್ಲವೇ?

ಉತ್ತರ: ಈ ಪ್ರಶ್ನೆಗೆ ಎಷ್ಟನೇ ಸಲ ಉತ್ತರಿಸುತ್ತಿದ್ದೇನೋ, ಲೆಕ್ಕ ತಪ್ಪಿದೆ. ಇನ್ನೊಮ್ಮೆ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಬ್ರಿಟನ್ನಿನಲ್ಲಿ ಕಡ್ಡಾಯ ಸೇರ್ಪಡೆಯ ಕಾನೂನು ಬಂದದ್ದು 1916ರ ಜನವರಿಯಲ್ಲಿ. ಹದಿನೆಂಟು ತುಂಬಿದವನು ತರಬೇತಿಗೆ, ಹತ್ತೊಂಬತ್ತಕ್ಕೆ ಫ್ರಾನ್ಸಿಗೆ. 1918ರ ವಸಂತದಲ್ಲಿ ಜರ್ಮನರು ಮುನ್ನುಗ್ಗಿದಾಗ ಹದಿನೆಂಟೂವರೆಯ ಹುಡುಗರನ್ನೂ ಕಳಿಸಿದರು. ನಮ್ಮ ಪಿಯುಸಿ ಮುಗಿಸಿದ ವಯಸ್ಸು, ಅಷ್ಟೇ.

ಈಗ ಸೆನ್ಸಾರ್. ಲಂಡನ್ನಿನ ಯಾವುದೋ ಕಚೇರಿಯಲ್ಲಿ ಕೂತ ಕನ್ನಡಕದ ಅಧಿಕಾರಿ ಸಾಲುಸಾಲಿಗೆ ಮಸಿ ಬಳಿಯುತ್ತಿದ್ದಾನೆ ಅನ್ನುವ ಚಿತ್ರ ಎಲ್ಲರ ತಲೆಯಲ್ಲೂ ಕೂತುಬಿಟ್ಟಿದೆ. ಸಾಮಾನ್ಯ ಸಿಪಾಯಿಯ ಕಾಗದವನ್ನು ಓದುತ್ತಿದ್ದದ್ದು ಅವನದೇ ತುಕಡಿಯ ಕಿರಿಯ ಅಧಿಕಾರಿ. ಎಷ್ಟೋ ಸಲ ಅವನಿಗೇ ಇಪ್ಪತ್ತು, ಇಪ್ಪತ್ತೊಂದು. ಕಂದಕದ ಮಣ್ಣಿನ ಗೂಡಿನಲ್ಲಿ ಮೇಣದಬತ್ತಿ ಹಚ್ಚಿಕೊಂಡು, ಒಂದು ರಾಶಿ ಕಾಗದ ಮುಂದಿಟ್ಟುಕೊಂಡು, ಯಾವಾಗ ಮುಗಿಯುತ್ತದಪ್ಪಾ ಎಂದು ಕೂತವನು. ಅವನು ಹುಡುಕಬೇಕಾದದ್ದು ಊರಿನ ಹೆಸರು, ಪಡೆ ಎತ್ತ ಹೊರಟಿದೆ, ಫಿರಂಗಿ ಎಲ್ಲಿದೆ, ಎಷ್ಟು ಜನ ಸತ್ತರು, ಇಂಥವನ್ನು. ಕೆಸರು, ಇಲಿ, ಹೇನುಗಳ ಬಗ್ಗೆ ಬರೆಯುವುದಕ್ಕೆ ತಡೆಯಿರಲಿಲ್ಲ. ಬರೆದವರೂ ಬೇಕಾದಷ್ಟು ಜನ ಇದ್ದಾರೆ.

ಆದರೂ ಬಹಳಷ್ಟು ಹುಡುಗರು ಬಾಯಿ ಬಿಡಲಿಲ್ಲ. ಯಾಕೆ? ಹಾಸ್ಟೆಲಿನಲ್ಲಿ ಓದಿದವರಿಗೆ ಉತ್ತರ ಗೊತ್ತಿರಬೇಕು. ವಾರ್ಡನ್ ಓದಿ ಅಂಚೆಗೆ ಹಾಕುವ ಕಾಗದದಲ್ಲಿ 'ರಾತ್ರಿ ಅಳು ಬರುತ್ತೆ ಅಮ್ಮ' ಅಂತ ಯಾರು ಬರೆಯುತ್ತಾರೆ? ನಾಳೆ ಬೆಳಗ್ಗೆ ಅದೇ ಮನುಷ್ಯನ ಮುಂದೆ ಅಟೆನ್‌ಷನ್‌ನಲ್ಲಿ ನಿಲ್ಲಬೇಕು.

'ಹಾಗಾದರೆ ಅದೂ ಸೆನ್ಸಾರೇ ಆಯಿತಲ್ಲ' ಎಂದು ಜಾಣರು ಕೇಳುತ್ತಾರೆ. ಅವರಿಗೆ ಹಸಿರು ಲಕೋಟೆ ತೋರಿಸುತ್ತೇನೆ. 'ಇದರಲ್ಲಿರುವುದು ಖಾಸಗಿ ಮತ್ತು ಮನೆಯ ವಿಷಯ ಮಾತ್ರ' ಎಂದು ಅದರ ಮೇಲೆ ಸಹಿ ಮಾಡಿದರೆ ತುಕಡಿಯ ಅಧಿಕಾರಿ ಅದನ್ನು ತೆರೆಯುವಂತಿರಲಿಲ್ಲ. ರಣರಂಗದ ಹಿಂದೆ ದೂರದಲ್ಲಿದ್ದ ಸೇನಾ ನೆಲೆಯಲ್ಲಿ ಆಗೊಂದು ಈಗೊಂದು ತೆರೆದು ನೋಡುತ್ತಿದ್ದರು, ಅಷ್ಟೇ. ಆ ಲಕೋಟೆಯಲ್ಲೂ ತಾಯಿಗೆ ಹೋದದ್ದು ಬಹಳ ಮಟ್ಟಿಗೆ ಅದೇ ಸಾಕ್ಸು, ಅದೇ ಕೇಕು. ಅಣ್ಣನಿಗೋ ಗೆಳೆಯನಿಗೋ ಬರೆಯುವಾಗ ಮಾತ್ರ ಕೈ ಸ್ವಲ್ಪ ಸಡಿಲ. ಅಮ್ಮ ಹೆದರಿಯಾಳು ಅನ್ನುವುದೇ ಎಲ್ಲಕ್ಕಿಂತ ದೊಡ್ಡ ಸೆನ್ಸಾರ್.

ಇನ್ನು ಸಾಕ್ಸಿನಲ್ಲಿ ಯುದ್ಧವಿಲ್ಲ ಅಂದವರು ಯಾರು? ನೀರು ನಿಂತ ಕಂದಕದಲ್ಲಿ ದಿನಗಟ್ಟಲೆ ನಿಂತು ಕಾಲು ಊದಿ, ಮರಗಟ್ಟಿ, ಕೊಳೆಯುತ್ತಿತ್ತು. ತಿಮಿಂಗಿಲದ ಎಣ್ಣೆ ತಿಕ್ಕಿ ಒಣ ಸಾಕ್ಸು ಹಾಕಿಕೊಳ್ಳಿ ಅನ್ನುವುದು ಅಲ್ಲಿ ಆಜ್ಞೆ. 'ನೀನು ಹೆಣೆದ ಜೋಡಿ ಬಂತು, ಇನ್ನೆರಡು ಕಳಿಸು' ಅಂದರೆ ಅವನ ಕಾಲು ಇನ್ನೂ ಒದ್ದೆಯೇ ಇದೆ ಎಂದರ್ಥ. ಈ ಒಂದು ಮಾತು ತಿಳಿದರೆ ನಿಮಗೆ ಕಾಗದ ಓದಲು ಬಂತು ಅಂತಲೇ ಲೆಕ್ಕ.

ಏನೂ ಬರೆಯಲು ಪುರುಸೊತ್ತಿಲ್ಲದವರಿಗೆ ಸಿದ್ಧ ಸಾಲುಗಳನ್ನು ಅಚ್ಚು ಹಾಕಿದ ಕಾರ್ಡಿತ್ತು. ಬೇಡದ ಸಾಲು ಹೊಡೆದುಹಾಕಿ, ಸಹಿ, ತಾರೀಕು ಹಾಕಬೇಕು. ಬೇರೊಂದು ಅಕ್ಷರ ಸೇರಿಸಿದರೂ ಕಾರ್ಡು ನಾಶ. ನನ್ನ ಹತ್ತಿರ ಇರುವ ಒಂದರಲ್ಲಿ ಹೊಡೆಯದೆ ಉಳಿದವು ಎರಡೇ ಸಾಲು: 'ನಾನು ಚೆನ್ನಾಗಿದ್ದೇನೆ' ಮತ್ತು 'ಬಹಳ ದಿನದಿಂದ ನಿಮ್ಮ ಕಾಗದ ಬಂದಿಲ್ಲ'. ಉಳಿದದ್ದರ ಮೇಲೆಲ್ಲ ಪೆನ್ಸಿಲ್ ಒತ್ತಿ ಎಳೆದಿದ್ದಾನೆ, ಕಾರ್ಡಿನ ಹಿಂದೆ ಗೀರು ಮೂಡುವಷ್ಟು. ಮುನಿಸಿಗೆ ಅಷ್ಟು ಜಾಗ ಸಾಕಾಯಿತು.

ಇಷ್ಟಾದ ಮೇಲೆ ಯಾರೂ ಕೇಳದ ಒಂದು ಮಾತು. ಬ್ರಿಟಿಷರ ಪರ ಹೋರಾಡಿದ ನಮ್ಮ ಭಾರತದ ಸಿಪಾಯಿಗಳ ಕಾಗದಗಳು ಎಲ್ಲಿ? ಅವರು ಕಡ್ಡಾಯದವರಲ್ಲ, ಸಂಬಳಕ್ಕೆ ಸೇರಿದವರು. ಫ್ರಾನ್ಸಿನಲ್ಲಿದ್ದವರ ಕಾಗದಗಳನ್ನು ಅಲ್ಲಿನ ಬೂಲೋನ್ ಬಂದರಿನಲ್ಲಿ ಓದಿ, ಆಯ್ದ ಭಾಗಗಳನ್ನು ಇಂಗ್ಲಿಷಿಗೆ ಇಳಿಸಿ ಮೇಲಿನವರಿಗೆ ವರದಿ ಒಪ್ಪಿಸುತ್ತಿದ್ದರು. (ಮೈಸೂರು ಸಂಸ್ಥಾನದ ಕುದುರೆ ದಳ ಮೈಸೂರು ಲ್ಯಾನ್ಸರ್ಸ್ ಇದ್ದದ್ದು ಈಜಿಪ್ಟ್, ಪ್ಯಾಲೆಸ್ಟೈನ್ ಕಡೆ. ಅವರನ್ನು ಇಲ್ಲಿ ಹುಡುಕಬೇಡಿ.) ಮೂಲ ಕಾಗದಗಳು ಬಹುತೇಕ ಕಳೆದೇಹೋದವು, ನಾವು ಇಂದು ಓದುತ್ತಿರುವುದು ಹೆಚ್ಚಾಗಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಉಳಿದ ಆ ಸೆನ್ಸಾರ್ ವರದಿಗಳನ್ನು. ಸೆನ್ಸಾರ್ ಕಣ್ಣು ತಪ್ಪಿಸಲು, ಕರಿಮೆಣಸು ಮುಗಿಯಿತು, ಈಗ ಕೆಂಪು ಮೆಣಸು ಬಳಸುತ್ತಿದ್ದಾರೆ ಅಂತೆಲ್ಲ ಅಡುಗೆಮನೆ ಮಾತಿನಲ್ಲಿ ಕೆಲವರು ಬರೆದಿದ್ದರು. ಕರಿದು ಅಂದರೆ ನಮ್ಮವರು, ಕೆಂಪು ಅಂದರೆ ಬಿಳಿಯರು. ಓದುತ್ತಿದ್ದವರಿಗೂ ಅದು ಅರ್ಥವಾಗಿತ್ತು, ಅದಕ್ಕೇ ಬರೆದಿಟ್ಟರು.